ಆದೆಪ್ಪನ ಗದ್ದೆಗೆ ನೀರು ಬಿಟ್ಟ ಇನ್ನಾಸಪ್ಪ

ಕಾಲುವೆಯ ಏರಿಯ ಮೇಲೆ ಇನ್ನೂ ಮಬ್ಬುಗತ್ತಲು. ಇನ್ನಾಸಪ್ಪ ಸೈಕಲ್ಲನ್ನು ಜಾಲಿ ಗಿಡಕ್ಕೆ ಆನಿಸಿ, ಎಡಗಾಲು ಎಳೆಯುತ್ತ ತೂಬಿನ ಕಟ್ಟೆ ಹತ್ತುತ್ತಾರೆ. ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡು ಗೇಟಿನ ಚಕ್ರಕ್ಕೆ ಕೈ ಹಾಕುತ್ತಾರೆ. ತುಕ್ಕು ಹಿಡಿದ ಕಬ್ಬಿಣ ಕಿರುಗುಟ್ಟುತ್ತದೆ. ಕೆಳಗೆ ನೀರು ನೊರೆಯೆದ್ದು ನುಗ್ಗಿ ಗೊರೇಬಾಳದ ಗದ್ದೆಗಳತ್ತ ಹೊರಡುತ್ತದೆ.

“ಗೇಟು ಎತ್ತಿದ್ರ ಕೆಲಸ ಮುಗೀಲಿಲ್ರೀ. ನೀರಿನ ಹಿಂದ ನಾವೂ ಹೋಗಬೇಕು. ನಡುವ ಯಾರರ ಕಲ್ಲು ಇಟ್ಟಿರ್ತಾರ, ಮಣ್ಣು ಹಾಕಿರ್ತಾರ” ಎನ್ನುತ್ತಲೇ ಏರಿಗುಂಟ ನಡೆಯುತ್ತಾರೆ.

ಅವರು ಕಾಲುವೆಯ ದಿನಗೂಲಿ ಗ್ಯಾಂಗ್‌ಮನ್. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಿಂದ ಎಳೆಯ ವಯಸ್ಸಿನಲ್ಲೇ ಅಪ್ಪನ ಜೊತೆ ಸಿಂಧನೂರಿನ ಕಡೆಗೆ ಬಂದವರು. ಅಪ್ಪನೂ ಇದೇ ಕಾಲುವೆಯ ಹೂಳು ಎತ್ತಿದವನು. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರು ಏರಿ, ಇಪ್ಪತ್ತಕ್ಕೂ ಹೆಚ್ಚು ತೂಬು ಇನ್ನಾಸಪ್ಪನ ಪಾಲಿಗೆ. ಸರದಿ ಪ್ರಕಾರ ನೀರು ಬಿಟ್ಟರೆ ಮೇಲಿನ ಊರವರ ಬೈಗುಳ, ಬಿಡದಿದ್ದರೆ ಕೆಳಗಿನ ಊರವರ ಕಣ್ಣೀರು.

ಆರು ವರ್ಷದ ಹಿಂದೆ ಬೇಸಿಗೆ ಬೆಳೆಗೆ ನೀರು ಸಾಲದೆ ಹೋಯಿತು. ಒಂದು ಸಂಜೆ ಗೊರೇಬಾಳದ ದೊಡ್ಡ ರೈತ ಆದೆಪ್ಪ ಹಾರೆ ಹಿಡಿದು ತೂಬಿನ ಬಳಿ ಬಂದ.

“ಲೇ ಇನ್ನಾಸ, ಗೇಟು ಎತ್ತು.”

“ಇವತ್ತು ಕೆಳಗಿನ ಊರಿನ ಪಾಳಿ ಐತಿ ಯಣ್ಣ. ನಿಂದು ನಾಳಿಗೆ.”

ಆದೆಪ್ಪ ಹಾರೆ ಬೀಸಿದ ಏಟಿಗೆ ಇನ್ನಾಸಪ್ಪನ ಮೊಣಕಾಲು ಪುಡಿಯಾಯಿತು. ಮೂಳೆ ಕೂಡಿತು, ಕಾಲು ನೆಟ್ಟಗಾಗಲಿಲ್ಲ. ಹಿರಿಯರು ಕೂತು ರಾಜಿ ಮಾಡಿಸಿದರು. ಆ ರಾಜಿಯಲ್ಲಿ ಆದೆಪ್ಪ ತಲೆ ತಗ್ಗಿಸಿ ಕೂತಿದ್ದನೇ ಹೊರತು “ತಪ್ಪಾತು” ಎಂಬ ಒಂದು ಮಾತು ಆಡಲಿಲ್ಲ.

ಆಮೇಲೆ ಇನ್ನಾಸಪ್ಪ ಸಿಂಧನೂರಿನ ಚರ್ಚಿಗೆ ಭಾನುವಾರ ತಪ್ಪದೆ ಹೋದರು. ಆದರೆ ಎಲ್ಲರೂ ಕೂಡಿ ಪ್ರಾರ್ಥನೆ ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂದು ಕೇಳುವ ಕಡೆ ಅವರ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಪಕ್ಕದಲ್ಲಿ ನಿಂತ ಹೆಂಡತಿ ತೆರೇಜಮ್ಮನಿಗೆ ಅದು ತಿಳಿಯುತ್ತಿತ್ತು. ಆಕೆ ಒಂದು ದಿನವೂ ಕೆದಕಲಿಲ್ಲ. “ಸುಳ್ಳು ಹೆಂಗ ಹೇಳ್ಲಿ? ದೇವ್ರ ಮುಂದ?” ಎಂದು ಇನ್ನಾಸಪ್ಪ ಈಗ ಕೇಳುತ್ತಾರೆ.

ಎರಡು ವರ್ಷ ಕಳೆದು ಮತ್ತೆ ನೀರಿಗೆ ಬರ ಬಂತು. ಆದೆಪ್ಪನ ಭತ್ತ ತೆನೆ ಒಡೆಯುವ ಹೊತ್ತು. ಆ ಪಾಳಿ ತಪ್ಪಿದರೆ ಕಾಳು ಕಟ್ಟುವುದಿಲ್ಲ. ಅವನ ಗದ್ದೆ ತುಸು ಎತ್ತರದಲ್ಲಿದೆ. ಗೇಟನ್ನು ಒಂದು ಗೇಣು ಕಮ್ಮಿ ಎತ್ತಿದರೆ ಸಾಕು, ನೀರು ಏರುತ್ತಿರಲಿಲ್ಲ, ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಅವನ ಪಾಳಿಯ ಬೆಳಗ್ಗೆ ಇನ್ನಾಸಪ್ಪ ಗೇಟನ್ನು ಅರ್ಧ ಎತ್ತಿ ಅಲ್ಲೇ ಕೂತುಬಿಟ್ಟರು. ಮೊಣಕಾಲು ಸೆಳೆಯುತ್ತಿತ್ತು.

“ಸಾಕು, ಇಷ್ಟ ಇರ್ಲಿ ಅಂತ ಅನ್ನಿಸ್ತು. ಖರೇನ ಹೇಳ್ತೀನ್ರೀ, ಖುಷಿನೂ ಆತು. ಆ ಖುಷಿ ನೋಡಿ ನನಗ ಹೆದರಿಕಿ ಬಂತು. ನಾ ಎಷ್ಟ್ ಸಲ ದಾರಿ ಬಿಟ್ಟೀನಿ, ದೇವ್ರು ಒಮ್ಮೆರ ನನಗ ನೀರು ನಿಲ್ಲಿಸ್ಯಾನೇನು? ಯೇಸುಸ್ವಾಮಿ ಶಿಲುಬಿ ಮ್ಯಾಗ ಮೊಳಿ ಹೊಡದೋರ ಸಲುವಾಗಿ ಬೇಡಿಕೊಂಡ. ನಾ ಒಂದು ಗೇಣು ಕಬ್ಬಿಣ ಎತ್ತಾಕ ಅಳಾಕತ್ತೀನಿ.”

ಎದ್ದು ಚಕ್ರ ತಿರುಗಿಸಿದರು. ಗೇಟು ಪೂರ್ತಿ ಮೇಲೆ ಬಂತು.

ನೀರು ಬರುವುದಿಲ್ಲವೆಂದೇ ನಂಬಿ ಬದುವಿನ ಮೇಲೆ ನಿಂತಿದ್ದ ಆದೆಪ್ಪ ಅದನ್ನೆಲ್ಲ ದೂರದಿಂದ ನೋಡಿದ್ದ. ಸುಗ್ಗಿ ಮುಗಿದ ಮೇಲೆ ಹೆಂಡತಿ ಶೇಖರಮ್ಮನ ಜೊತೆ, ಬೈಕಿನ ಮೇಲೆ ಅಕ್ಕಿ ಚೀಲ ಹೇರಿಕೊಂಡು ಇನ್ನಾಸಪ್ಪನ ಗುಡಿಸಲಿಗೆ ಬಂದ. ಬಾಗಿಲಲ್ಲೇ ನಿಂತ.

“ಇವರಿಗೆ ಬಾಯಿ ಬರವಲ್ದು ಯಣ್ಣ. ನಾನ ಹೇಳ್ತೀನಿ, ತಪ್ಪಾಗೈತಿ” ಎಂದಳು ಶೇಖರಮ್ಮ.

“ನೀ ಸುಮ್ನಿರು” ಎಂದ ಆದೆಪ್ಪ, ನೆಲಕ್ಕೆ ಕೂತು ಇನ್ನಾಸಪ್ಪನ ಸೊಟ್ಟ ಮೊಣಕಾಲಿನ ಮೇಲೆ ಕೈಯಿಟ್ಟ. “ಇನ್ನೂ ನೋಯ್ತೈತೇನೋ?”

“ನೋಯ್ತೈತಿ ಯಣ್ಣ. ಇಲ್ಲ ಅಂದ್ರ ಸುಳ್ಳಾಗ್ತೈತಿ. ಆದ್ರ ನಿನ್ನ ಮ್ಯಾಗ ಸಿಟ್ಟಿಲ್ಲ. ಒಳಗ ಬಾ.”

ಅಕ್ಕಿ ಚೀಲವನ್ನು ಇನ್ನಾಸಪ್ಪ ಬೈಕಿನಿಂದ ಇಳಿಸಗೊಡಲಿಲ್ಲ. ತೆರೇಜಮ್ಮ ಚಹಾ ಕೊಟ್ಟಳು, ನಾಲ್ವರೂ ಕೂತು ಕುಡಿದರು. ಮುಂದಿನ ಭಾನುವಾರ ಚರ್ಚಿನಲ್ಲಿ ಗಂಡನ ದನಿ ಎಲ್ಲೂ ನಿಲ್ಲದೆ ಪ್ರಾರ್ಥನೆ ದಾಟಿದ್ದನ್ನು ಕೇಳಿ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಿಸಿಲೇರಿದೆ. ಕೆಳಗಿನ ತೂಬುಗಳು ಇನ್ನೂ ಬಾಕಿ ಇವೆ. ಆದೆಪ್ಪನನ್ನು ಈಗ ಪ್ರೀತಿಸುತ್ತೀರಾ ಎಂದು ಕೇಳಿದರೆ ಇನ್ನಾಸಪ್ಪ ತಡೆದು ತಡೆದು ಉತ್ತರಿಸುತ್ತಾರೆ.

“ಪ್ರೀತಿ ದೊಡ್ಡ ಮಾತ್ರೀ. ಅಂವನ ಭತ್ತ ಹಸರಾಗಿದ್ರ ನನಗ ಸಂತೋಷ ಆಗ್ತೈತಿ. ದೇವ್ರು ಸದ್ಯಕ್ಕ ಅಷ್ಟು ಕೊಟ್ಟಾನ. ಸಾಯೋದ್ರಾಗ ಇನ್ನೊಂದೀಟು ಕೊಡು ಅಂತ ಬೇಡಿಕೊಳ್ಳಾಕತ್ತೀನಿ.”