ನೇರಳೆ ಶಾಲಿನವರು ಯಾವ ಪಕ್ಷ?

ನಿಮ್ಗೂ ಹಿಂಗಾಗಿದ್ಯಾ? ನಿಜ ಹೇಳಿ. ಹತ್ತಿಪ್ಪತ್ತು ವರ್ಷ ಪಕ್ಕಪಕ್ಕ ಕೂತು ಒಂದೇ ಟೀಮಿಗೆ ಗಂಟ್ಲು ಹರ್ಕೊಂಡೋರು, ಗೋಲ್ ಆದಾಗ ಯಾರು ಯಾರನ್ನ ತಬ್ಕೊಂಡ್ವಿ ಅನ್ನೋ ಪರಿವೆನೇ ಇಲ್ದೆ ಕುಣಿದೋರು, ಒಂದಿನ ಬೆಳಿಗ್ಗೆ ಹಲ್ಲುಜ್ಜೋ ಹೊತ್ತಲ್ಲಿ ಫೋನಿಗೆ ಬಂದ ಒಂದೂವರೆ ನಿಮಿಷದ ವಿಡಿಯೋಗೆ ಮುಖ ತಿರುಗಿಸ್ಕೊಂಡು ಹೋಗ್ಬುಟ್ಟಿದ್ದನ್ನ ನೀವು ನೋಡಿದೀರಾ? ನಾನು ನೋಡಿದೀನಿ. ನೋಡೋದೇನ್ ಬಂತು, ಆ ವಿಡಿಯೋನ ಗ್ರೂಪಿಗೆ ಹಾಕಿದ ಮಹಾತಾಯಿ ನಾನೇ.

ನನ್ನ ಗೊತ್ತಿಲ್ದೋರಿಗೆ ಹೇಳ್ಬುಡ್ತೀನಿ. ನಾನು ಮಧುಗಿರಿಲಿ ಹೆಂಗಸರ ಬಟ್ಟೆ ಹೊಲಿಯೋ ಟೈಲರು. ಅಂಗಡಿಗೆ ಬರೋರು ಬ್ಲೌಸಿನ ಅಳತೆ ಕೊಡೋಕೆ ಮುಂಚೆ "ನಿನ್ನೆ ಮ್ಯಾಚ್ ಏನಾಯ್ತಕ್ಕ?" ಅಂತ ಕೇಳ್ತಾರೆ ಅಂದ್ರೆ ನನ್ನ ಫುಟ್‌ಬಾಲ್ ಹುಚ್ಚು ಎಷ್ಟಿರಬೇಕು ನೋಡಿ. "ಫುಟ್‌ಬಾಲಾ? ನಿಮ್ ಕಡೆನಾ?" ಅಂತ ಬೆಂಗಳೂರಿನ ನೆಂಟ್ರು ಮೂಗು ಮುರೀತಾರೆ. ಹೌದ್ರೀ, ನಮ್ ಕಡೆನೇ. ಕೇರಳದಿಂದ ವರ್ಗ ಆಗಿ ಬಂದಿದ್ದ ಒಬ್ಬ ಬ್ಯಾಂಕ್ ಮ್ಯಾನೇಜರು, ಭಾಷೆ ಬರ್ದೆ, ಮಾತಾಡಕ್ಕೆ ಜನ ಇಲ್ದೆ, ಸಾಯಂಕಾಲ ಬೆಟ್ಟದ ನೆರಳು ಬೀಳೋ ಹೊತ್ತಿಗೆ ಮೈದಾನದಲ್ಲಿ ಒಬ್ಬನೇ ಬಾಲ್ ಒದೀತಾ ನಿಂತಿರೋನು. ಒಂದು ತಿಂಗಳಿಗೆ ಹನ್ನೊಂದು ಜನ ಕೂಡ್ಕೊಂಡ್ರು. ಎರಡು ತಿಂಗಳಿಗೆ ಅಷ್ಟೂ ಜನರ ಮಂಡಿಲಿ ಚರ್ಮ ಇರ್ಲಿಲ್ಲ, ಯಾಕಂದ್ರೆ ನಮ್ಮ ಮೈದಾನದಲ್ಲಿ ಹುಲ್ಲಿಗಿಂತ ಜಲ್ಲಿ ಜಾಸ್ತಿ. ಮ್ಯಾನೇಜರು ಹೋದ, ಟೀಮ್ ಉಳೀತು. ಜರ್ಸಿ ನೇರಳೆಹಣ್ಣಿನ ಬಣ್ಣದ್ದು. ಅದಕ್ಕೆ ದೊಡ್ಡ ತತ್ವಾರ್ಥ ಏನೂ ಹುಡುಕ್ಬೇಡಿ. ಮೊದಲನೇ ಜರ್ಸಿ ಹೊಲಿದೋಳು ನಾನು, ಆಗ ನನ್ನ ಅಂಗಡಿಲಿ ಯಾರೂ ಕೊಳ್ದೆ ಬಿದ್ದಿದ್ದ ಬಟ್ಟೆ ಅದೊಂದೇ.

ಆವತ್ತಿಂದ ಇವತ್ತಿನವರೆಗೂ, ಮ್ಯಾಚ್ ಸಿರಾದಲ್ಲಾಗ್ಲಿ, ಕೊರಟಗೆರೆಲಾಗ್ಲಿ, ಪಾವಗಡದಲ್ಲಾಗ್ಲಿ, ಬಾಬು ಅನ್ನೋ ಪಾವಗಡದೋನ ವ್ಯಾನಲ್ಲಿ ನಾವು ಹದಿನಾರು ಜನ ಹೋಗೋದು ಪದ್ಧತಿ. ಗಂಡಸರ ಮಧ್ಯೆ ನಾನೊಬ್ಬಳೇ ಹೆಂಗಸು, ಹಂಗಾಗಿ ಕಿಟಕಿ ಸೀಟು ನಂದು. ಅದ್ರ ಹಿಂದಿನ ಸೀಟು ರಂಗಣ್ಣ ಮತ್ತೆ ಸಿದ್ದೇಶಂದು. ರಂಗಣ್ಣಂದು ಬಸ್‌ಸ್ಟ್ಯಾಂಡ್ ಹತ್ರ ಹಾರ್ಡ್‌ವೇರ್ ಅಂಗಡಿ. ಸಿದ್ದೇಶ ಕ್ಯಾತಗಾನಚೆರ್ಲು ಕಡೆ ಸೋಲಾರ್ ಪ್ಲಾಂಟಲ್ಲಿ ಸೆಕ್ಯುರಿಟಿ, ಮ್ಯಾಚ್ ಇದ್ದಾಗೆಲ್ಲ ಯಾರದ್ದೋ ಕಾಲ್ ಹಿಡಿದು ಶಿಫ್ಟ್ ಬದಲಾಯಿಸ್ಕೊಂಡು ಬರೋನು. ರಂಗಣ್ಣಂಗೆ ಇಷ್ಟು ವರ್ಷ ನೋಡಿದ್ರೂ ಆಫ್‌ಸೈಡ್ ಅಂದ್ರೇನು ಅಂತ ತಲೆಗೆ ಹತ್ತಿಲ್ಲ. ಲೈನ್ಸ್‌ಮನ್ ಬಾವುಟ ಎತ್ತಿದ ತಕ್ಷಣ ಎಡಕ್ಕೆ ತಿರುಗಿ "ಯಾಕ್ಲಾ?" ಅನ್ನೋನು, ಸಿದ್ದೇಶ ಕೈ ಆಡಿಸ್ಕೊಂಡು ವಿವರಿಸೋನು. ನಮ್ಮ ಯಜಮಾನ್ರು ಬೈಕಿಂದ ಬಿದ್ದು ತುಮಕೂರಿನ ಆಸ್ಪತ್ರೆಲಿ ಹನ್ನೊಂದು ದಿನ ಮಲಗಿದ್ದಾಗ, ವಾರ್ಡಿನ ಆಚೆ ಬೆಂಚಲ್ಲಿ ದಿನಾ ಕೂತಿದ್ದೋರು ಈ ಇಬ್ರೇ. ಔಷಧಿ ಚೀಟಿ ಹಿಂದೆ ಗೆರೆ ಎಳೆದು ಆಫ್‌ಸೈಡ್ ಪಾಠ ನಡೀತಿತ್ತು. ಆ ಜಗಳ ಕೇಳ್ಕೊಂಡೇ ನನಗೆ ಧೈರ್ಯ ಬರ್ತಿತ್ತು. ಅದಕ್ಕೇ ಇವ್ರಿಬ್ಬರೂ ಮಾತು ಬುಟ್ಟಾಗ ನನಗೆ ಅನ್ನ ಸೇರ್ಲಿಲ್ಲ.

ರಂಗಣ್ಣ ಒಂದು ಪಕ್ಷ, ಸಿದ್ದೇಶ ಇನ್ನೊಂದು. ಯಾವ್ಯಾವುದು ಅಂತ ಬರೆಯಲ್ಲ, ಬರೆದ್ರೆ ಈ ಪೋಸ್ಟಿನ ಕೆಳಗೂ ಎರಡು ಬಣ ಆಗುತ್ತೆ. ಮುಂಚಿಂದಲೂ ಹಂಗೇ ಇದ್ರು, ವ್ಯಾನಲ್ಲಿ ಕಿತ್ತಾಡ್ಕೊಂಡೇ ಹೋಗೋರು. ಏನೂ ಆಗಿರ್ಲಿಲ್ಲ. ನಾನು ಪೂರ್ತಿ ನೋಡ್ದೆ ಹಾಕಿದ, ಸಿದ್ದೇಶನ ಪಕ್ಷನ ಹಂಗಿಸೋ ಆ ವಿಡಿಯೋಗೆ ರಂಗಣ್ಣ ಹೆಬ್ಬೆಟ್ಟು ಎತ್ತಿದ, ಸಿದ್ದೇಶ ಒಂದು ಮಾತು ಬರೆದ, ರಂಗಣ್ಣ ಅದಕ್ಕೆ ಎರಡು ಬರೆದ, ನಾನು ಒಲೆ ಮೇಲಿನ ಹಾಲು ಇಳಿಸಿ ಬರೋದ್ರಲ್ಲಿ ಸಿದ್ದೇಶ ಗ್ರೂಪ್ ಬುಟ್ಟು ಹೋಗಿದ್ದ. ಆಮೇಲೆ ನಾನು ಮಹಾ ಬುದ್ಧಿವಂತೆ ಥರ "ಇನ್ಮೇಲೆ ಇಲ್ಲಿ ರಾಜಕೀಯ ನಿಷೇಧ" ಅಂತ ಶಾಸನ ಹೊರಡಿಸ್ದೆ. ರಾಜಕೀಯದ ಜೊತೆಗೆ ಮಾತೂ ನಿಂತೋಯ್ತು. ಹುಟ್ಟಿದಬ್ಬಕ್ಕೆ ಕೇಕಿನ ಚಿತ್ರ, ಸತ್ರೆ ಕೈ ಮುಗಿದ ಚಿತ್ರ, ಅಷ್ಟೇ. ಮ್ಯಾಚಿಗೂ ಒಬ್ಬ ಬಂದ್ರೆ ಇನ್ನೊಬ್ಬ ಬರ್ತಿರ್ಲಿಲ್ಲ. ಎಂಟು ತಿಂಗಳು.

ಒಂದಿನ ರಂಗಣ್ಣ ಅಂಗಡಿ ಬಾಗಿಲಿಗೆ ಬಂದು ನಿಂತ್ಕೊಂಡು, "ಅಕ್ಕ, ಸಿರಾ ಮ್ಯಾಚ್ ಆದ್ಮೇಲೆ ನಮ್ಮೋರ್ದು ಬೇರೆ ವ್ಯಾನ್ ಮಾಡ್ಕೊತೀವಿ. ಅವ್ನ ಮುಖ ನೋಡ್ಕೊಂಡು ಬರಕ್ಕಾಗಲ್ಲ" ಅಂದ. ಕೈಲಿದ್ದ ಕತ್ತರಿ ಹಂಗೇ ನಿಂತೋಯ್ತು. ಎರಡು ವ್ಯಾನ್ ಆದ್ರೆ ನಾಳೆ ಮೈದಾನದಲ್ಲಿ ಎರಡು ಕಡೆ ಕೂರ್ತೀವಿ, ನಾಡಿದ್ದು ಆಡೋ ಹುಡುಗ್ರಲ್ಲೂ ಇವ್ನು ಯಾರ ಕಡೆಯೋನು ಅಂತ ನೋಡ್ತೀವಿ. ಅಲ್ಲಿಗೆ ಟೀಮ್ ಮುಗೀತು. ಸಿರಾ ಮ್ಯಾಚಿಗೆ ಹತ್ತು ದಿನ ಇತ್ತು. ಅಷ್ಟರಲ್ಲಿ ಇಬ್ಬರನ್ನೂ ಒಂದು ಮಾಡ್ಲೇಬೇಕು ಅಂತ ಕೂತೆ.

ನನ್ನ ರಾಜತಾಂತ್ರಿಕ ಯೋಜನೆ ಹಿಂಗಿತ್ತು. ರಂಗಣ್ಣಂಗೆ "ಸಿದ್ದೇಶಂಗೆ ಶಿಫ್ಟ್ ಇದೆಯಂತೆ, ಬರಲ್ಲ" ಅಂದೆ. ಸಿದ್ದೇಶಂಗೆ "ರಂಗಣ್ಣಂಗೆ ಮದುವೆ ಮನೆ ಇದೆಯಂತೆ" ಅಂದೆ. ಇಬ್ರಿಗೂ ಸುಳ್ಳು, ಸಮಪಾಲು. ಅದು ಸಾಲ್ದು ಅಂತ, ಎಲ್ರೂ ಒಂದೇ ಅನ್ನೋ ಭಾವನೆ ಬರ್ಲಿ ಅಂತ, ಹದಿನಾರು ನೇರಳೆ ಶಾಲು ಹೊಲಿದೆ. ಬಿಳಿ ಬಟ್ಟೆ ದುಂಡಗೆ ಕತ್ತರಿಸಿ, ಮೇಲೆ ಕಪ್ಪು ತುಂಡು ಕೂರಿಸಿ, ಒಂದೊಂದು ಶಾಲಿನ ಎರಡೂ ತುದಿಗೆ ಊಟದ ತಟ್ಟೆಯಷ್ಟಗಲ ಫುಟ್‌ಬಾಲು. ನನ್ನ ಜನ್ಮದಲ್ಲಿ ಅಷ್ಟು ಅಚ್ಚುಕಟ್ಟಾಗಿ ಯಾವ ಮದುವೆ ಬ್ಲೌಸೂ ಹೊಲಿದಿಲ್ಲ.

ಹೊರಟ ದಿನ ಬೆಳಿಗ್ಗೆ ವ್ಯಾನ್ ಹತ್ರ ಇಬ್ರೂ ಎದುರುಬದುರಾದ್ರು. ರಂಗಣ್ಣ ನನ್ನ ನೋಡ್ದ. ಸಿದ್ದೇಶನೂ ನನ್ನ ನೋಡ್ದ. ನಾನು ಬೆಟ್ಟ ನೋಡ್ದೆ. ರಂಗಣ್ಣ ಹೋಗಿ ಡ್ರೈವರ್ ಪಕ್ಕ ಕೂತ, ಸಿದ್ದೇಶ ಕಟ್ಟಕಡೆ ಸೀಟಿಗೆ ಹೋದ, ಮಧ್ಯ ನಾವೆಲ್ಲ ಒಂದೇ ಥರ ಶಾಲು ಹೊದ್ಕೊಂಡು ಸಾವಿನ ಮನೆಗೆ ಹೊರಟೋರ ಥರ ಕೂತ್ವಿ. ಬಾಬು ಕನ್ನಡಿಲಿ ನೋಡಿ, "ಏಮಕ್ಕಾ, ಮ್ಯಾಚಿಗಾ ತಿಥಿಗಾ?" ಅಂದ.

ದೊಡ್ಡೇರಿ ದಾಟಿ ಸ್ವಲ್ಪ ಮುಂದಕ್ಕೆ ಹೋಗಿದ್ವಿ, ಚೆಕ್‌ಪೋಸ್ಟಲ್ಲಿ ಕೈ ಅಡ್ಡ ಹಾಕಿದ್ರು. ಹೇಳೋದ್ ಮರೆತೆ, ಅದು ಎಲೆಕ್ಷನ್ ಟೈಮು, ನೀತಿ ಸಂಹಿತೆ ಜಾರಿಲಿತ್ತು. ಎಲೆಕ್ಷನ್ ಡ್ಯೂಟಿಗೆ ಬಂದಿದ್ದ ಸಾಹೇಬ್ರೊಬ್ರು, ಅವ್ರ ಜೊತೆ ಕ್ಯಾಮೆರಾ ಹಿಡಿದ ಒಬ್ಬ, ಇಬ್ರು ಪೊಲೀಸ್ನೋರು. ಸಾಹೇಬ್ರು ಒಳಗೆ ಇಣುಕಿದ್ರು. ಒಂದೇ ಬಣ್ಣದ ಶಾಲಿನ ಹದಿನಾರು ಜನ. ಹದಿನಾರು ಪೊಟ್ಟಣ ಚಿತ್ರಾನ್ನ. ಒಂದು ಡೋಲು. ಐದು ಪೀಪಿ. ಅವರ ಕಣ್ಣು ಶಾಲಿನ ತುದಿಗೆ ಹೋಗಿ ಅಲ್ಲೇ ನಿಂತೋಯ್ತು.

"ಪ್ರಚಾರಕ್ಕೆ ಪರ್ಮಿಷನ್ ತಗೊಂಡಿದೀರೇನ್ರೀ?"

"ಏನ್ ಪ್ರಚಾರ ಸಾರ್?" ಅಂದೆ.

"ಆಟ ಆಡ್ಬೇಡಿ. ಫುಟ್‌ಬಾಲ್ ಗುರುತಿನ ಕ್ಯಾಂಡಿಡೇಟ್ ಕಡೆಯೋರು ತಾನೇ ನೀವು?"

ಸ್ವಾಮಿ, ಆಗ ಗೊತ್ತಾಯ್ತು ನಮ್ಗೆ. ನಮ್ಮ ಕ್ಷೇತ್ರದಲ್ಲಿ ಒಬ್ಬ ಪಕ್ಷೇತರ ನಿಂತಿದಾನೆ, ಅವನ ಚುನಾವಣಾ ಗುರುತು ಫುಟ್‌ಬಾಲು! ಇಪ್ಪತ್ತು ವರ್ಷದಿಂದ ಫುಟ್‌ಬಾಲನ್ನೇ ಉಸಿರಾಡ್ತೀವಿ ಅಂತ ಕೊಚ್ಚಿಕೊಳ್ಳೋ ನಮ್ಮಲ್ಲಿ ಒಬ್ಬರಿಗೂ ಅದು ಗೊತ್ತಿಲ್ಲ. ಎರಡು ಪಕ್ಷಕ್ಕೆ ಕಚ್ಚಾಡೋದ್ರಲ್ಲಿ ಮೂರನೆಯವನ ಕಡೆ ಯಾರು ನೋಡಿದಾರೆ?

"ಸಾರ್, ಆ ಮನುಷ್ಯನ ಹೆಸರೂ ನಮ್ಗೆ ಗೊತ್ತಿಲ್ಲ" ಅಂದೆ.

"ಪ್ರಚಾರ ಮಾಡೋರಿಗೆ ಹೆಸರು ಗೊತ್ತಿರಲ್ಲಮ್ಮ, ಅದೇನು ಹೊಸದಲ್ಲ" ಅಂದ್ರು ಸಾಹೇಬ್ರು. "ವ್ಯಾನ್ ಸ್ಟೇಷನ್‌ಗೆ ತಗೊಳ್ಳಿ."

ಸ್ಟೇಷನ್‌ಗೆ ಹೋದ್ರೆ ಮ್ಯಾಚ್ ಕೈಬಿಟ್ಟಂಗೆ, ನನ್ನ ಸಂಧಾನನೂ ಕೈಬಿಟ್ಟಂಗೆ. ಇನ್ನೇನು ಅಳ್ಬೇಕು, ಅಷ್ಟರಲ್ಲಿ ರಂಗಣ್ಣ ಮುಂದಿನ ಬಾಗಿಲು ತೆಗೆದು ಧುಮುಕಿದ.

"ಸಾರ್, ನಾನು ಯಾವ ಪಕ್ಷ ಅಂತ ಇಡೀ ಮಧುಗಿರಿಗೆ ಗೊತ್ತು. ಪಕ್ಷೇತರಂಗೆ ಯಾಕ್ ಕೆಲ್ಸ ಮಾಡ್ಲಿ?" ಅಂತ ಪಕ್ಷದ ಹೆಸರು ಹೇಳಿ ಎದೆ ತಟ್ಕೊಂಡ.

"ಹಂಗಾದ್ರೆ ಇದು ಆ ಪಕ್ಷದ ವ್ಯಾನು" ಅಂದ್ರು ಸಾಹೇಬ್ರು, ಬರ್ಕೊಳ್ಳಕ್ಕೆ ಪೆನ್ ತೆಗೆದು.

ಕಡೆ ಸೀಟಿಂದ ಸಿದ್ದೇಶ ಎದ್ದು ಬಂದ. "ಬರ್ಕೋಬೇಡಿ ಸಾರ್. ಈಯಪ್ಪ ಆ ಪಕ್ಷದೋನು ಅನ್ನಾದು ದಿಟ. ಆದ್ರೆ ಆ ಪಕ್ಷದ ವ್ಯಾನು ಅಂದ್ರೆ ನಾನು ಸತ್ರೂ ಹತ್ತಲ್ಲ. ನಂದು ಆ ಕಡೆ" ಅಂತ ತನ್ನ ಪಕ್ಷದ ಹೆಸರು ಹೇಳ್ದ.

ಸಾಹೇಬ್ರು ಪೆನ್ ಹಿಡ್ಕೊಂಡೇ ಇಬ್ಬರ ಮುಖನೂ ನೋಡಿದ್ರು. "ನೀನು ಆ ಪಕ್ಷ, ನೀನು ಈ ಪಕ್ಷ. ಮತ್ತೆ ಇಬ್ರೂ ಒಂದೇ ವ್ಯಾನಲ್ಲಿ ಯಾಕ್ರಪ್ಪ ಹೋಗ್ತಿದೀರಾ?"

ಎಂಟು ತಿಂಗಳಿಂದ ನಾನು ಕೇಳಕ್ಕೆ ಹೆದರಿದ್ದ ಪ್ರಶ್ನೆ ಅದು. ಸಿದ್ದೇಶ ನೆಲ ನೋಡ್ಕೊಂಡು, "ಈಯಪ್ಪಂಗೆ ಆಫ್‌ಸೈಡ್ ಗೊತ್ತಾಗಲ್ಲ ಸಾರ್. ಪಕ್ಕದಲ್ಲಿ ಯಾರಾನಾ ಹೇಳ್ಬೇಕು" ಅಂದ.

"ಇಪ್ಪತ್ತು ವರ್ಷದಿಂದ ತಪ್ಪೇ ಹೇಳ್ತಾವ್ನೆ ಸಾರ್!" ಅಂದ ರಂಗಣ್ಣ.

"ನಿನ್ ತಲೆಗೆ ಹೋಗ್ದಿದ್ರೆ ನಾನೇನ್ಲಾ ಮಾಡ್ಲಿ? ನಮ್ಮೂರ ಕೆರೆಗೆ ನೀರು ತಂದಿದ್ದು ಯಾರು ಅನ್ನಾದೇ ನಿನ್ ತಲೆಗೆ ಹೋಗಿಲ್ಲ."

"ನಾಕು ಪೈಪ್ ಇಳಿಸಿ ಫೋಟೋ ಹೊಡೆಸ್ಕೊಂಡ್ರೆ ನೀರು ತಂದಂಗಾ?"

ಶುರುವಾಯ್ತು ನೋಡಿ. ಕೆರೆ ಆಯ್ತು, ರೋಡ್ ಆಯ್ತು, ರೇಷನ್ ಆಯ್ತು, ಹೋದ ಸತಿ ಎಲೆಕ್ಷನ್ ಆಯ್ತು. ಕ್ಯಾಮೆರಾದೋನು ಎಲ್ಲಾ ರೆಕಾರ್ಡ್ ಮಾಡ್ಕೊತಾ ಇದಾನೆ. ಆಮೇಲೆ ರಂಗಣ್ಣನ ದನಿ ಇದ್ದಕ್ಕಿದ್ದಂಗೆ ಬೇರೆ ಆಯ್ತು. "ಅವತ್ತು ಗ್ರೂಪಲ್ಲಿ ನನ್ನ ಬಾಡಿಗೆ ಬಾಯಿ ಅಂದಲ್ಲೋ ಸಿದ್ದೇಶ. ನನ್ ಮಗಳು ಓದಿದ್ಲು ಕಣ್ಲಾ ಅದ್ನ."

"ನೀನೇನ್ ಬರೆದೆ? ಇಂಥೋರು ನಮ್ ಟೀಮಿಗೆ ಬೇಡ ಅಂತ ಬರೆದೆ. ಮೂರು ಸತಿ ಓದ್ದೆ ರಂಗಣ್ಣ. ಬೇರೆ ಏನಾನಾ ಬೈದಿದ್ರೆ ಸುಮ್ಕಿರ್ತಿದ್ದೆ."

"ಕೋಪದಲ್ಲಿ ಬೆರಳು ಬರೀತು. ಎದುರಿಗಿದ್ದಿದ್ರೆ ಅಂಗಂತಿದ್ನಾ?"

"ಎದುರಿಗೆ ಇದರಪ್ಪನಂತದ್ದು ಅಂದಿದೀಯಾ. ಆದ್ರೆ ಆಮೇಲೆ ಟೀ ಕೊಡಿಸ್ತಿದ್ದೆ."

ಪೊಲೀಸ್ನೋನು ಒಬ್ಬ ಆ ಕಡೆ ತಿರುಗಿ ನಕ್ಕ. ಸಾಹೇಬ್ರು ಪೆನ್ ಜೇಬಿಗಿಟ್ಟು, "ಈ ವ್ಯಾನ್ ಯಾವ ಪಕ್ಷಕ್ಕೂ ಬೇಡ, ಹೋಗ್ರಪ್ಪ" ಅಂದ್ರು. ಆದ್ರೆ ಶಾಲುಗಳನ್ನೆಲ್ಲ ಮಡಚಿ ಚೀಲಕ್ಕೆ ಹಾಕಬೇಕು, ಮತ ಎಣಿಕೆ ಮುಗಿಯೋವರೆಗೂ ಫುಟ್‌ಬಾಲ್ ಕಾಣೋ ಹಂಗಿಲ್ಲ ಅಂತ ಆಜ್ಞೆ. ನಾನು ಮೂರು ದಿನ ಕಣ್ಣು ಹಾಳು ಮಾಡ್ಕೊಂಡು ಹೊಲಿದ ಮೂವತ್ತೆರಡು ಫುಟ್‌ಬಾಲು ಅಲ್ಲೇ ಚೀಲ ಸೇರಿದ್ವು. ಬಾಬು ಸುಮ್ನಿರ್ಬೇಕಲ್ಲ, "ಸಾರ್, ಗ್ರೌಂಡಲ್ಲಿ ಒಂದು ಬಾಲ್ ಇರುತ್ತೆ, ಅದ್ನೂ ಮುಚ್ಚಬೇಕಾ?" ಅಂದ. ಸಾಹೇಬ್ರು ಒಂದು ಕ್ಷಣ ನಿಜವಾಗ್ಲೂ ಯೋಚನೆ ಮಾಡಿದ್ರು.

ವ್ಯಾನ್ ಹೊರಟಾಗ ನೋಡ್ತೀನಿ, ಜಗಳದ ಮಧ್ಯೆ ಹತ್ತಿದ ಇಬ್ರೂ ಜಗಳ ಬಿಡಕ್ಕಾಗ್ದೆ ನನ್ನ ಹಿಂದಿನ ಸೀಟಲ್ಲೇ ಕೂತಿದಾರೆ. ಸಿರಾವರೆಗೂ ಬಾಯಿ ಮುಚ್ಚಲಿಲ್ಲ. ನನ್ನ ಸುಳ್ಳುಗಳನ್ನೂ ಬಯಲಿಗೆಳೆದು ಇಬ್ರೂ ಸೇರಿ ನನಗೂ ಒಂದು ಸುತ್ತು ಮಂಗಳಾರತಿ ಎತ್ತಿದ್ರು. ಆ ಒಂದು ವಿಷಯದಲ್ಲಿ ಅವರದ್ದು ಸಮ್ಮಿಶ್ರ ಸರ್ಕಾರ.

ಮ್ಯಾಚಿಗೆ ಹೋಗೋಷ್ಟರಲ್ಲಿ ಅರ್ಧ ಮುಗಿದಿತ್ತು. ನಾವು ಸೋತ್ವಿ, ಎರಡು ಒಂದು. ಸಿರಾದ ಹುಡುಗ್ರು "ಫಿಕರ್ ಮತ್ ಕರೋ ಆಪಾ, ಮುಂದಿನ ಸತಿ ಟೈಮಿಗೆ ಬನ್ನಿ" ಅಂತ ಸಮಾಧಾನ ಹೇಳಿ ಶರಬತ್ತು ಕೊಟ್ರು. ಶರಬತ್ತು ಕುಡೀತಾ ನನ್ನ ತಲೆಗೆ ಒಂದು ವಿಷಯ ಹೊಕ್ತು. ನಮ್ಮ ಟೀಮ್ ಸೋತ್ರೆ ನಾವು ನಮ್ಮ ಟೀಮನ್ನೇ ಬೈತೀವಿ: ಗೋಲ್‌ಕೀಪರ್ ನಿದ್ದೆ ಮಾಡ್ತಿದ್ದ, ಆ ಉದ್ದದ ಹುಡುಗ ದಂಡ ಅಂತ. ಪಕ್ಷ ಸೋತ್ರೆ ಮಾತ್ರ ಪಕ್ಕದ ಮನೆಯೋನನ್ನ ಬೈತೀವಿ. ಟೀಮಿನ ಮೇಲಿರೋ ಪ್ರೀತಿಲಿ ಇರೋವಷ್ಟು ನಿಷ್ಠುರ ನಮ್ಮ ಪಕ್ಷದ ಪ್ರೀತಿಲೂ ಇದ್ದಿದ್ರೆ ಅರ್ಧ ಜಗಳ ಹುಟ್ತಾನೇ ಇರ್ಲಿಲ್ಲ. ಮತ್ತೆ ನಾನು ಮಾಡಿದ ನಿಷೇಧ ಇದ್ಯಲ್ಲ, ಶುದ್ಧ ದಡ್ಡತನ. ಅವರಿಗೆ ಬೇಕಾಗಿದ್ದಿದ್ದು ಜಗಳ ನಿಲ್ಲೋದಲ್ಲ, ಎದುರಿಗಿರೋನ ಮುಖ ಕಾಣೋ ಹಂಗೆ ಜಗಳ ಆಡೋದು. ಮಗಳು ಓದಿದ್ಲು ಅಂದಾಗ ರಂಗಣ್ಣನ ಮುಖ ಹೆಂಗಾಯ್ತು ಅಂತ ಫೋನಲ್ಲಿ ಸಿದ್ದೇಶಂಗೆ ಹೆಂಗ್ ಕಾಣ್ಬೇಕು?

ವಾಪಸ್ ಬರ್ತಾ ಬಡವನಹಳ್ಳಿಲಿ ವ್ಯಾನ್ ನಿಲ್ಲಿಸಿದ್ವಿ. ರಂಗಣ್ಣ ಯಾರನ್ನೂ ಕೇಳ್ದೆ ಎರಡು ಟೀ ಹೇಳಿ, ಒಂದನ್ನ ಸಿದ್ದೇಶನ ಕೈಗಿಟ್ಟ. ಸಿದ್ದೇಶ ಒಂದು ಗುಟುಕು ಕುಡಿದು, "ಟೀ ನಿಂದೇ ಕಣ್ ರಂಗಣ್ಣ, ಅದರೊಳಗಿನ ನೀರು ಮಾತ್ರ ನಮ್ಮೋರು ತಂದಿದ್ದು" ಅಂದ. ರಂಗಣ್ಣ ಬೈದ. ಏನು ಬೈದ ಅಂತ ಇಲ್ಲಿ ಬರೆಯಕ್ಕಾಗಲ್ಲ, ನಮ್ಮತ್ತೆನೂ ಈ ಪೋಸ್ಟ್ ಓದ್ತಾರೆ.

ಮಾರನೇ ದಿನ ನಿಷೇಧದ ಶಾಸನ ಅಳಿಸಿ, ಸಿದ್ದೇಶಂಗೆ ಫೋನ್ ಮಾಡಿ ಗ್ರೂಪಿಗೆ ಸೇರಿಸ್ಕೊಳ್ಳಲಾ ಅಂತ ಕೇಳ್ದೆ. "ಬ್ಯಾಡಕ್ಕ," ಅಂದ, "ಗ್ರೂಪಿಗೆ ಬರಲ್ಲ, ವ್ಯಾನಿಗೆ ಬತ್ತೀನಿ. ಬೈಯಾದೇನಿದ್ರೂ ಅಲ್ಲೇ ಬೈಕೊತೀವಿ." ರಂಗಣ್ಣ ಬೇರೆ ವ್ಯಾನಿನ ಮಾತು ಎತ್ತಿಲ್ಲ. ನಾನೂ ಕೇಳಿಲ್ಲ. ಪಾವಗಡದ ಮ್ಯಾಚಿಗೆ ಬಾಬುಗೆ ಒಂದೇ ವ್ಯಾನ್ ಹೇಳಿದೀನಿ.

ನಿಮ್ಮ ಕಡೆ ಹೆಂಗೆ? ಫುಟ್‌ಬಾಲೇ ಆಗ್ಬೇಕು ಅಂತಿಲ್ಲ, ಕಬಡ್ಡಿ, ವಾಲಿಬಾಲ್, ಭಜನೆ ಮಂಡಳಿ, ಚೀಟಿ ಗುಂಪು, ಯಾವುದಾದ್ರೂ ಸರಿ. ಮಾತು ಬುಟ್ಟೋರು ಮತ್ತೆ ಮಾತಾಡಿದ್ದು ನೋಡಿದ್ರೆ ಕೆಳಗೆ ಬರೀರಿ. ಇನ್ನೂ ಮಾತಾಡಿಲ್ಲ ಅಂದ್ರೂ ಬರೀರಿ. ಯಾವ ಪಕ್ಷ ಅಂತ ಬರೆದ್ರೂ ಬೈಯಲ್ಲ, ಆದ್ರೆ ಪಕ್ಕದಲ್ಲಿ ಯಾರು ಕೂತಿರ್ತಿದ್ರು ಅನ್ನೋದನ್ನ ಮಾತ್ರ ಮರೀದೆ ಬರೀರಿ.