ಚಿಕ್ಕಮ್ಮನ ಬೇಸ್ ಗಿಟಾರಿನ ಪಿನ್ನು

ಚಿಕ್ಕಮ್ಮನ ರವಿಕೆಗಳೆಲ್ಲ ಎಡಹೆಗಲಲ್ಲೇ ಮೊದಲು ಸವೆಯುತ್ತಿದ್ದವು. ಮಿಕ್ಕ ಬಟ್ಟೆ ಹೊಸದರಂತೆ ಇರುವಾಗಲೇ ಆ ಜಾಗ ತೆಳ್ಳಗಾಗಿ ಒಳಗಿನ ಚರ್ಮ ಕಾಣುತ್ತಿತ್ತು. ಚರ್ಮದ ಮೇಲೂ ಮೂರು ಬೆರಳಗಲದ ಕಪ್ಪು ಪಟ್ಟೆಯೊಂದು ಕೂತುಬಿಟ್ಟಿತ್ತು. ಆಲೂರಿನ ಟೈಲರಮ್ಮ ಹೇಳಿಸಿಕೊಳ್ಳದೆಯೇ ಎಡಕ್ಕೆ ಒಂದು ಪದರ ಬಟ್ಟೆ ಹೆಚ್ಚಿಗೆ ಕೊಟ್ಟು ಹೊಲಿಯುತ್ತಿದ್ದಳು. "ನಂದು ಎತ್ತಿನ ಹೆಗಲು ಕಣೇ" ಎಂದು ಚಿಕ್ಕಮ್ಮ ನಗುತ್ತಿದ್ದಳು. ಆ ಹೆಗಲು ಹೊತ್ತಿದ್ದು ಬೇಸ್ ಗಿಟಾರನ್ನು, ಹಾಡಿನ ಅಡಿಗೆ ಮಂದ್ರ ಸ್ವರ ತುಂಬುವ ಭಾರದ ಗಿಟಾರನ್ನು.

ಚಿಕ್ಕಪ್ಪನ ಮನೆ ಪಾಳ್ಯದ ಹತ್ತಿರ. ಸ್ವಲ್ಪ ಗದ್ದೆ, ಅದರ ಅಂಚಿಗೆ ಸ್ವಲ್ಪ ಕಾಫಿ. ಚಿಕ್ಕಮ್ಮನ ತವರು ಬೆಳಗೋಡು ಕಡೆ. ಅವಳ ಅಣ್ಣ ಹುಮ್ಮಸ್ಸಿನಲ್ಲಿ ತಂದು, ಬೆರಳು ನೋಯುತ್ತದೆಂದು ಮೂಲೆಗಿಟ್ಟ ಗಿಟಾರನ್ನು ಇವಳು ಎತ್ತಿಕೊಂಡು, ರೇಡಿಯೋ ಹಾಡುಗಳ ಜೊತೆ ತಡಕಾಡುತ್ತ ಕಲಿತವಳು. ಮದುವೆಯಾಗಿ ಬರುವಾಗ ಅದೂ ಜಮಖಾನದಲ್ಲಿ ಸುತ್ತಿಸಿಕೊಂಡು ಜೀಪು ಹತ್ತಿತು. "ಎಲ್ಲಾರ್ಗೂ ತವರಿಂದ ಹಸ ಬತ್ತದೆ, ನಂಗೆ ಇದ್ ಬಂತು. ಮೇವು ಕೇಳಲ್ಲ, ಅಷ್ಟೇ ಪುಣ್ಯ" ಅನ್ನುತ್ತಿದ್ದಳು. ಬೆಳಿಗ್ಗೆ ಕಾಫಿ ಕೊಯ್ದು, ಕಣದಲ್ಲಿ ಬೀಜ ಹರವಿ, ಕೈತೊಳೆದು ಸೀರೆ ಬದಲಿಸಿ, ಸಕಲೇಶಪುರದ ಆರ್ಕೆಸ್ಟ್ರಾ ವ್ಯಾನಿಗಾಗಿ ರಸ್ತೆಗೆ ಬಂದು ನಿಲ್ಲುತ್ತಿದ್ದಳು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಅದೇ ಆರ್ಕೆಸ್ಟ್ರಾಕ್ಕೆ ಕೀಬೋರ್ಡ್ ನುಡಿಸಲು ಸೇರಿಸಿದ್ದೂ ಅವಳೇ.

ವೇದಿಕೆಯ ಮೇಲೆ ಅವಳನ್ನು ನೋಡಬೇಕಿತ್ತು. ಆಳು ಗಿಡ್ಡ, ಗಿಟಾರು ಉದ್ದ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣನ್ನು ಡ್ರಮ್ಸಿನವನ ಪೆಡಲ್ ತುಳಿಯುವ ಕಾಲಿನ ಮೇಲೆ ನೆಟ್ಟು ನಿಂತಳೆಂದರೆ ಕಾರ್ಯಕ್ರಮ ಮುಗಿಯುವವರೆಗೆ ಕದಲುತ್ತಿರಲಿಲ್ಲ. ಗಾಯಕರು ಚಪ್ಪಾಳೆಗೆ ಕೈಬೀಸುತ್ತಿದ್ದರು, ಇವಳು ತಂತಿಗಳ ಬೆವರು ಒರೆಸುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಅವಳ ಬೆರಳುಗಳನ್ನೇ ನೋಡುತ್ತ ಎಷ್ಟೋ ಸಲ ನನ್ನ ಪಾಲಿನ ಸ್ವರ ಮರೆತಿದ್ದೇನೆ. ಅಷ್ಟು ಬೆರಗು ನನಗೆ.

ಅವಳಿಗಿದ್ದ ಒಂದೇ ತಲೆನೋವು ಪಿನ್ನು. ಗಿಟಾರಿನ ಬೆಲ್ಟು ಸಿಕ್ಕಿಸಲು ಮರಕ್ಕೆ ತಿರುಪಿ ಕೂರಿಸಿದ ಉಕ್ಕಿನ ಗುಬಟುಗಳು ಎರಡು ಕಡೆ ಇರುತ್ತವಲ್ಲ, ಅದರಲ್ಲಿ ಕುತ್ತಿಗೆ ಕಡೆಯದು ಸದಾ ಸಡಿಲ. ಭಾರವೆಲ್ಲ ಎಳೆದು ಎಳೆದು ತೂತು ಅಗಲವಾಗಿತ್ತು. ಒಂದು ವರ್ಷ ಗಣಪತಿ ಹಬ್ಬದ ಕಾರ್ಯಕ್ರಮಗಳ ಹೊತ್ತಿಗೆ ಚಿಕ್ಕಪ್ಪ ಹೆಂಡತಿಯ ಮೇಲಿನ ಪ್ರೀತಿಯಿಂದ ತಾನೇ ರಿಪೇರಿಗೆ ಇಳಿದ. ಹಿತ್ತಲಿನ ಕಾಫಿ ಗಿಡದಿಂದ ಒಂದು ಕಡ್ಡಿ ಕತ್ತರಿಸಿ, ಕೆತ್ತಿ, ತೂತಿಗೆ ಜಡಿದು, ಅದರೊಳಕ್ಕೆ ಪಿನ್ನು ತಿರುಪಿದ. ಕಾಫಿ ಮರ ಗಟ್ಟಿ, ನಿಜ. ಕತ್ತಿಯ ಹಿಡಿಗೂ ಅದೇ, ಊರುಗೋಲಿಗೂ ಅದೇ. ಆದರೆ ಅವನು ಕತ್ತರಿಸಿದ್ದು ಹಸಿ ಕಡ್ಡಿ. ನಮ್ಮ ಕಡೆಯ ಮಳೆಗಾಲದ ಥಂಡಿಗೆ ಅದು ಉಬ್ಬಿಕೊಂಡು ಬಂಡೆಯಂತೆ ಕೂತಿತು. ಚಿಕ್ಕಪ್ಪ ಬಂದವರಿಗೆಲ್ಲ ತೋರಿಸಿ ಮೀಸೆ ತಿರುವಿದ.

ಬಿಸಿಲುಗಾಲ ಬಂತು, ಕಡ್ಡಿ ಒಳಗೇ ಒಣಗಿ ಸೊರಗಿತು. ಆಲೂರಿನ ಒಂದು ಮದುವೆಯಲ್ಲಿ, ಊಟದ ಪಂಕ್ತಿ ಎದ್ದು ಜನ ಕುಣಿಯಲು ಶುರುಮಾಡಿದ ಹಾಡಿನ ಮಧ್ಯೆ, ಪಿನ್ನು ಕಡ್ಡಿಸಮೇತ ಕಿತ್ತುಕೊಂಡು ಹಾರಿತು. ಬೆಲ್ಟು ಜಾರಿತು. ಚಿಕ್ಕಮ್ಮ ಕೆಳಗೆ ನೋಡಲೂ ಇಲ್ಲ. ಬಲಗಾಲನ್ನು ಮುಂದಿದ್ದ ಸ್ಪೀಕರ್ ಪೆಟ್ಟಿಗೆಯ ಮೇಲಿಟ್ಟಳು, ಗಿಟಾರನ್ನು ತೊಡೆಗೆ ಒರಗಿಸಿಕೊಂಡಳು, ಒಂದು ಪೆಟ್ಟೂ ತಪ್ಪದೆ ಹಾಡು ಮುಗಿಸಿದಳು. ಹೆಣ್ಣಿನ ಕಡೆಯವರು ಅದನ್ನೊಂದು ಸ್ಟೈಲು ಅಂದುಕೊಂಡು ಶಿಳ್ಳೆ ಹಾಕಿದರು. ಚಿಕ್ಕಪ್ಪ ಮಾತ್ರ ಕುರ್ಚಿಗಳ ಕೆಳಗೆ ತೂರಿ ಪಿನ್ನು ಹುಡುಕುತ್ತಿದ್ದ.

ವ್ಯಾನಿಗೆ ಸಾಮಾನು ಏರಿಸುವಾಗ ಆರ್ಕೆಸ್ಟ್ರಾ ಮಾಲೀಕರು ಅವಳ ಹತ್ತಿರ ಬಂದರು. "ಅಕ್ಕಾ, ಬೇಜಾರ್ ಮಾಡ್ಕಬ್ಯಾಡಿ. ಈಗೆಲ್ಲಾ ಕಡೆ ಬೇಸು ಕೀಬೋರ್ಡಲ್ಲೇ ಬತ್ತದೆ. ನಿಮ್ಮುಡ್ಗಿ ಎಡಗೈ ಖಾಲಿನೇ ಐತಲ್ಲ" ಎಂದು ನನ್ನತ್ತ ನೋಡಿದರು. ಪಿನ್ನು ಬಿದ್ದದ್ದು ಬರೀ ನೆಪ. ಈ ಮಾತು ಅವರ ಬಾಯಲ್ಲಿ ಬಹಳ ದಿನದಿಂದ ತಯಾರಾಗಿತ್ತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಚಿಕ್ಕಮ್ಮ ಮಾತ್ರ ಗಿಟಾರಿನ ಮೇಲೆ ಜಮಖಾನ ಹೊದಿಸುತ್ತ, "ಆಗ್ಲಿ. ಆದ್ರೆ ಅವ್ಳಿಗೆ ಅರ್ಧಂಬರ್ಧ ಬರ್ತದೆ. ಪೂರ್ತಿ ಹೇಳ್ಕೊಟ್ಟು ಕಳಿಸ್ತೀನಿ" ಅಂದಳು.

ಹೇಳಿಕೊಟ್ಟಳು. ಮರುದಿನದಿಂದಲೇ, ಕಣದ ಪಕ್ಕದ ಜಗಲಿಯಲ್ಲಿ. ಏನನ್ನೂ ಮುಚ್ಚಿಡಲಿಲ್ಲ. ಹಾಡಿನ ತಿರುವಿನಲ್ಲಿ ಅವಳು ಅರೆಕ್ಷಣ ಸುಮ್ಮನಿದ್ದು ಆಮೇಲೆ ಇಳಿಯುವ ಒಂದು ಜಾಗವಿತ್ತು. ಬೇರೆ ಯಾವ ಬೇಸಿನವರೂ ಹಾಗೆ ಮಾಡುತ್ತಿರಲಿಲ್ಲ. ಅದನ್ನೂ ನನ್ನ ಎಡಗೈಗೆ ಹತ್ತುವವರೆಗೆ ಬಿಡಲಿಲ್ಲ. "ಅವಸ್ರ ಯಾಕೆ ಮಾರಾಯ್ತಿ? ಕೇಳೋರು ಒಂದ್ ಸಲ ಉಸ್ರು ತಗಳ್ಳಿ" ಅನ್ನುತ್ತಿದ್ದಳು. ತನ್ನ ಜಾಗವನ್ನು ಕಿತ್ತುಕೊಳ್ಳುವ ಕೈಗೆ ಹೀಗೆ ಕಲಿಸುವುದು ಯಾರಿಂದಾದೀತು? ನನ್ನಿಂದಂತೂ ಆಗುತ್ತಿರಲಿಲ್ಲ.

ಅದೇ ದಿನಗಳಲ್ಲಿ ಅವಳು ಪಿನ್ನನ್ನೂ ಸರಿಮಾಡಿದಳು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಿಂದು ಕಪ್ಪಾಗಿದ್ದ ಹಳೆಯ ಕಾಫಿ ಕೊಂಬೆಯೊಂದನ್ನು ಇಳಿಸಿ ಗೂಟ ಕೆತ್ತಿದಳು. ತೂತಿನೊಳಗಿನ ಹುಡಿಯನ್ನೆಲ್ಲ ದುಂಡು ಅರದಿಂದ ತೆಗೆದು, ಗೋಂದು ಸವರಿ, ಗೂಟವನ್ನು ಮೆಲ್ಲಗೆ ಬಡಿದು ಕೂರಿಸಿ, ಒಣಗಲು ಬಿಟ್ಟಳು. ಗೋಂದು ಹಿಡಿದ ಮೇಲೆ ಹೊರಗುಳಿದಿದ್ದನ್ನು ಮಟ್ಟಸವಾಗಿ ಕೊಯ್ದು, ತಿರುಪಿಗಿಂತ ಸಣ್ಣದೊಂದು ತೂತು ಕೊರೆದಳು. ತಿರುಪಿಗೆ ಸೋಪು ಸವರಿ, ಪಿನ್ನಿನಡಿಗೆ ಹಳೇ ಚಪ್ಪಲಿಯ ಚರ್ಮದ ಬಿಲ್ಲೆ ಇಟ್ಟು, ಕೈಯಲ್ಲೇ ನಿಧಾನ ತಿರುಗಿಸಿದಳು. ಚಿಕ್ಕಪ್ಪ ಸಹಾಯಕ್ಕೆಂದು ಸುತ್ತ ಸುಳಿಯುತ್ತಿದ್ದ. "ಹಸಿಕಡ್ಡಿ ಯಜಮಾನ್ರೇ, ನೀವೊಸಿ ಆಚೆಗೋಗಿ" ಎಂದು ಅವನನ್ನು ಅಟ್ಟಿದಳು.

"ಇನ್ನು ಎಲ್ಲಿಗೂ ಹೋಗೋದಿಲ್ವಲ್ಲ ಚಿಕ್ಕಮ್ಮ, ಇಷ್ಟೊಂದು ಯಾಕೆ?" ಎಂದು ಕೇಳಿದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಎಲ್ಲಿಗೂ ಹೋಗಲ್ಲ ಅಂತ ಯಾರಂದ್ರು? ಅವ್ರ ವ್ಯಾನಲ್ಲಿ ಹೋಗಲ್ಲ, ಅಷ್ಟೇಯ."

ಕುಂದೂರಿನ ಶಾಲೆಯ ಬಯಲಿನಲ್ಲಿ ನಾನು ಮೊದಲ ಸಲ ಎರಡೂ ಕೈಯಲ್ಲಿ ನುಡಿಸಿದೆ. ಚಿಕ್ಕಮ್ಮ ಮುಂದಿನ ಸಾಲಿನಲ್ಲಿ, ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. ಎಲ್ಲ ಸರಿಯಾಗಿ ಬಂತು. ಅವಳು ವೇದಿಕೆಯ ಮೇಲೆ ಯಾಕಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಅದು ನನಗೆ ತಡೆಯಲಾಗಲಿಲ್ಲ. ಕೆಳಗಿಳಿದವಳೇ, "ನಾನಿನ್ನು ಬರಲ್ಲ ಅಂತ ಹೇಳ್ಬಿಡ್ತೀನಿ" ಎಂದು ಅತ್ತುಬಿಟ್ಟೆ. ಚಿಕ್ಕಮ್ಮನಿಗೆ ಕೋಪ ಬಂತು. ಅವಳ ಕೋಪವನ್ನು ನಾನು ನೋಡಿದ್ದೇ ಅವತ್ತು. "ಬಾಯ್ಮುಚ್ಚು. ಇಷ್ಟ್ ದಿನ ಕೂತ್ಕಂಡು ಕಲ್ಸಿದ್ದು ಬಿಟ್ಟೋಗಕ್ಕಾ? ನಂಗೂ ಹೊಟ್ಟೆ ಉರೀತದೆ ಕಣೇ, ಇಲ್ಲ ಅನ್ನಲ್ಲ. ಆದ್ರೆ ನೀನ್ ಬಿಟ್ರೆ ನಿನ್ ಕೈಲಿರೋ ನನ್ ಬೇಸೂ ಹೋಗ್ಬುಡ್ತದೆ."

ಗಟ್ಟಿಯಾದ ಪಿನ್ನಿನ ಗಿಟಾರು ಊರಿನ ಭಜನೆ ಮಂಡಳಿಗೆ ಹೋಯಿತು. ತಾಳ, ಹಾರ್ಮೋನಿಯಮ್ಮಿನ ನಡುವೆ ಬೇಸ್ ಗಿಟಾರು! ಹಿರಿಯರು ಮೊದಲು ಮುಖ ಸಿಂಡರಿಸಿದರು. ಶನಿವಾರಗಳು ಕಳೆದಂತೆ, ಅವಳು ಬರುವವರೆಗೆ ಶುರುಮಾಡುವುದನ್ನೇ ಬಿಟ್ಟರು. ಎಲ್ಲರೂ ಚಾಪೆಯ ಮೇಲೆ ಕೂತಿದ್ದರೆ ಇವಳೊಬ್ಬಳು ನಿಂತೇ ನುಡಿಸುತ್ತಿದ್ದಳು. ಬಿಡುವಿದ್ದ ಶನಿವಾರ ನಾನೂ ಹೋಗಿ ಕೂರುತ್ತಿದ್ದೆ. ಭಜನೆಯ ಧಾಟಿಗೆ ಅವಳು ಹೊಸೆಯುತ್ತಿದ್ದ ಸ್ವರಗಳು ಆರ್ಕೆಸ್ಟ್ರಾದಲ್ಲೂ ನಾನು ಕೇಳದಂಥವು. ಕಂಬಕ್ಕೆ ಒರಗಿ ಕೇಳುತ್ತ ನನಗೆ ಮೈ ಜುಮ್ಮೆನ್ನುತ್ತಿತ್ತು.

ಹೋದ ವರ್ಷ ಅವಳಿಗೆ ಕಾಯಿಲೆ ಬಂತು. ಹಾಸನದ ಆಸ್ಪತ್ರೆಯಲ್ಲಿ ಕೊನೆಕೊನೆಗೆ ಮಾತು ಕಡಿಮೆಯಾಗಿತ್ತು. ಒಂದು ಬೆಳಿಗ್ಗೆ ನನ್ನನ್ನು ನೋಡಿ, "ಇವತ್ತು ಎಲ್ಲೂ ಪ್ರೋಗ್ರಾಮ್ ಇಲ್ವಾ?" ಎಂದಳು. ಸಕಲೇಶಪುರದಲ್ಲಿ ಮದುವೆ ಇದೆ, ನಾನು ಹೋಗುತ್ತಿಲ್ಲ, ನಿನ್ನ ಹತ್ತಿರವೇ ಇರುತ್ತೇನೆ ಎಂದೆ.

"ಹೋಗೇ" ಅಂದಳು. ಉಸಿರು ಎಳೆದುಕೊಂಡು, "ನೀನ್ ಹೋಗ್ಲಿಲ್ಲ ಅಂದ್ರೆ ಅಲ್ಲಿ ನಾವಿಬ್ರೂ ಇರಲ್ಲ" ಅಂದಳು.

ಹೋದೆ. ಅವಳು ತೀರಿಕೊಂಡಳೆಂದು ಹೇಳಲು ಹಾಡುಗಳ ನಡುವೆ ಚಿಕ್ಕಪ್ಪನ ಫೋನು ಬಂದಿದ್ದು ನನಗೆ ತಿಳಿಯಲಿಲ್ಲ. ಕೊನೆಗಾಲದಲ್ಲಿ ಪಕ್ಕದಲ್ಲಿರದೆ ಹಾಡು ನುಡಿಸಲು ಹೋದಳೆಂದು ನೆಂಟರು ಇವತ್ತಿಗೂ ಆಡಿಕೊಳ್ಳುತ್ತಾರೆ. ನಾನು ಎದುರು ಮಾತಾಡುವುದಿಲ್ಲ. ಆ ಹೊತ್ತಿನಲ್ಲಿ ನಾನು ಎಲ್ಲಿರಬೇಕೆಂದು ಚಿಕ್ಕಮ್ಮ ಬಯಸಿದ್ದಳೋ ಅಲ್ಲೇ, ಅವಳ ಕೆಲಸ ಮಾಡುತ್ತ ನಿಂತಿದ್ದೆ.