ಕೆಂಪು ಹುಂಜದ ಮರಿಗಳು

ಮದುವೆಯಾಗಿ ಅಳದಂಗಡಿಯಿಂದ ನರಿಕೊಂಬಿಗೆ ಬಂದಾಗ ನನ್ನ ಕೋಳಿ ಸಾರಿನ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ತವರಿಗೆ ನೆಂಟರು ಬಂದರೆ ಮಸಾಲೆ ಅರೆಯುವುದರಿಂದ ಹಿಡಿದು ಒಗ್ಗರಣೆಯವರೆಗೆ ಎಲ್ಲ ನನ್ನದೇ ಕಾರುಬಾರು. ಗಂಡನ ಮನೆಯಲ್ಲಿ ಮೊದಲ ಸಲ ಬಡಿಸಿದ ದಿನ ಆ ಜಂಬ ಇಳಿಯಿತು. ರೊಟ್ಟಿ ಸಾರಿನಲ್ಲಿ ನೆನೆದು ಮೆತ್ತಗಾಯಿತು, ಮಾಂಸ ಮಾತ್ರ ಹವಾಯಿ ಚಪ್ಪಲಿಯ ಹಾಗೆ ಹಲ್ಲಿಗೆ ಬಗ್ಗಲಿಲ್ಲ. ಅತ್ತೆ ಒಂದು ತುಂಡನ್ನು ಬಹಳ ಹೊತ್ತು ಅಗಿದು ಬಟ್ಟಲಿನ ಅಂಚಿಗಿಟ್ಟರು. "ಮಸಾಲೆ ಒಳ್ಳೆಯದುಂಟು. ಕೈಗುಣವೇ ಸ್ವಲ್ಪ ಗಟ್ಟಿ," ಎಂದರು.

ಆಮೇಲೆ ನಾನು ಮಾಡದ ಪ್ರಯತ್ನವಿಲ್ಲ. ಪಪ್ಪಾಯಿ ಕಾಯಿ ಹಾಕಿದೆ, ಮೊಸರಿನಲ್ಲಿ ನೆನೆಸಿಟ್ಟೆ, ಕುಕ್ಕರು ಕೂಗಿ ಕೂಗಿ ಸುಸ್ತಾಯಿತು. ಮಸಾಲೆ ಕರಗಿತೇ ಹೊರತು ಕೋಳಿ ಕರಗಲಿಲ್ಲ. "ಮೊದಲೆಲ್ಲ ನಮ್ಮ ಕೋಳಿ ಬೆಣ್ಣೆಯ ಹಾಗಿತ್ತು" ಎಂದು ಅತ್ತೆ ನಿಟ್ಟುಸಿರು ಬಿಡುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಬೆಣ್ಣೆ ನಾನು ಬಂದ ವರ್ಷದಿಂದಲೇ ಗಟ್ಟಿಯಾಗಿದೆ ಎಂಬುದು ಅವರ ಲೆಕ್ಕ.

ನಾದಿನಿಗೆ ಮೂಡುಬಿದಿರೆಯ ಸಂಬಂಧ ಗಟ್ಟಿಯಾದ ದಿನ ಅತ್ತೆ ಎಲ್ಲರೆದುರು ಹೇಳಿಬಿಟ್ಟರು: "ಅಳಿಯ ಮೊದಲ ಊಟಕ್ಕೆ ಬರುವಾಗ ಕೋಳಿ ಮಾಡ್ಲಿಕ್ಕೆ ಮೆಲ್ಕಾರಿನಿಂದ ಅಡುಗೆಯವನನ್ನು ಕರೆಯುವ." ಮನೆಯಲ್ಲಿ ಸೊಸೆ ಇರುವಾಗ ಹೊಸ ಅಳಿಯನಿಗೆ ಹೊರಗಿನವನ ಕೈ ಅಡುಗೆ! ನನಗೆ ಅಳು ಬಂತು. ಅಳುವಿನ ಹಿಂದೆಯೇ ಹಟವೂ ಬಂತು.

ಅದೇ ವಾರ ಕೋಳಿಗಳಿಗೆ ಲಸಿಕೆ ಹಾಕಲು ಬಂದ ಪಶುವೈದ್ಯೆಯ ಕಣ್ಣು ನಮ್ಮ ಕೆಂಪು ಹುಂಜದ ಮೇಲೆ ಬಿತ್ತು. ಕೋಳಿ ಅಂಕದ ಹುಚ್ಚಿನ ಮಾವ ಅದನ್ನು ನಮ್ಮ ಮದುವೆಯ ಹಿಂದಿನ ವರ್ಷ ತಂದದ್ದು. ನಾನು ಬರುವ ಹೊತ್ತಿಗೆ ಗೂಡು ತುಂಬ ಅದರದೇ ಮರಿಗಳು. ಉದ್ದ ಕಾಲು, ಉಕ್ಕಿನಂಥ ತೊಡೆ. ಧೈರ್ಯ ಮಾತ್ರ ಕಡಿಮೆ. ಪಕ್ಕದ ಮನೆಯ ಬೆಕ್ಕನ್ನು ಕಂಡರೂ ಓಡುತ್ತಿತ್ತು.

"ಇದು ಕಾದಾಟದ ತಳಿ. ಮೈಯಲ್ಲಿ ಕೊಬ್ಬೇ ನಿಲ್ಲುವುದಿಲ್ಲ, ಮಾಂಸದ ಎಳೆ ಗಟ್ಟಿ. ಮರಿಗಳಿಗೂ ಅದೇ ಬರ್ತದೆ," ಎಂದರು ವೈದ್ಯೆ.

ನಾನು ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ. ಒಳಗೆ ಓಡಿ ಅತ್ತೆಗೆ ಹೇಳಿದರೆ ಅವರು ನಕ್ಕರು. ನಮ್ಮಲ್ಲಿ ಬಳಿ, ಅಂದರೆ ಕುಲದ ಗುರುತು, ಹರಿದು ಬರುವುದು ತಾಯಿಯಿಂದ. ತಂದೆಯ ಬಳಿಯನ್ನು ಮಕ್ಕಳಿಗೆ ಹೇಳುವ ಕ್ರಮವಿಲ್ಲ. ಅತ್ತೆ ಕೋಳಿಗೂಡಿಗೂ ಅದೇ ಕಾನೂನು ಹಾಕಿದ್ದರು. "ಹೇಂಟೆಗಳು ನನ್ನ ಅಮ್ಮನ ಕಾಲದ ಬಳಿಯವೇ ಮಾರಾಯ್ತಿ. ಹುಂಜ ಯಾವುದಾದರೆ ಏನು? ಮರಿಯಲ್ಲಿ ಅದಕ್ಕೆ ಏನು ಪಾಲುಂಟು?"

"ಅರ್ಧ ಪಾಲುಂಟು ಅತ್ತೆ!" ಎಂದು ನಾನು ಕೂಗಿದ್ದು ಹೊಳೆಯ ಆಚೆ ದಡಕ್ಕೂ ಕೇಳಿರಬೇಕು.

ಮದುವೆಗೆ ಇನ್ನೂ ಎಂಟು ತಿಂಗಳಿತ್ತು. ತವರಿನಿಂದ ಒಂದು ಹುಂಜ ತರಿಸಿದೆ. ದುಂಡು ಮೈ, ಗಿಡ್ಡ ಕಾಲು, ಶುದ್ಧ ಸೋಮಾರಿ. ಅತ್ತೆಯ ಒಂದು ಹೇಂಟೆಯನ್ನು ಬೇರೆ ಗೂಡಿನಲ್ಲಿ ಅದರ ಜೊತೆ ಬಿಟ್ಟೆ. ಆ ಹೇಂಟೆಯ ಒಡಹುಟ್ಟು ಕೆಂಪನ ಜೊತೆಗೇ ಉಳಿಯಿತು. ಹಳೆಯ ಹುಂಜದ ಬೀಜ ಹೇಂಟೆಯ ಹೊಟ್ಟೆಯಲ್ಲಿ ಕೆಲವು ವಾರ ಉಳಿಯುತ್ತದೆ ಎಂದು ವೈದ್ಯೆ ಎಚ್ಚರಿಸಿದ್ದರಿಂದ, ಅಷ್ಟು ಸಮಯ ಬಿಟ್ಟೇ ಎರಡೂ ಕಡೆಯ ಮೊಟ್ಟೆಗಳನ್ನು ಕಾವಿಗಿಟ್ಟೆ. ಮರಿಗಳು ಒಟ್ಟಿಗೆ ಹೊರಬಂದವು, ಅದೇ ತವುಡು, ಅದೇ ಹಿಂಡಿ ತಿಂದು ಅದೇ ಅಂಗಳದಲ್ಲಿ ಬೆಳೆದವು. ಸೋಮಾರಿಯ ಮಕ್ಕಳು ಮಧ್ಯಾಹ್ನವಾದರೆ ನೆರಳು ಹಿಡಿದು ಕೂರುತ್ತಿದ್ದವು. ಕೆಂಪನ ಮಕ್ಕಳು ಸಂಜೆಯವರೆಗೂ ಓಡುತ್ತಲೇ ಇದ್ದವು.

ಮದುವೆಗೆ ಸ್ವಲ್ಪ ಮೊದಲು, ಒಂದು ಭಾನುವಾರ, ಎರಡೂ ಕಡೆಯಿಂದ ಒಂದೊಂದು ಕೋಳಿಯನ್ನು ಒಂದೇ ಪಾತ್ರೆಗೆ ಹಾಕಿದೆ. ಅದೇ ಮಸಾಲೆ, ಅದೇ ಬೆಂಕಿ. ಗುರುತಿಗೆ ಕೆಂಪನ ಮಗನ ತುಂಡುಗಳಿಗೆ ಬಾಳೆನಾರು ಕಟ್ಟಿ, ಅತ್ತೆಗೂ ಅದನ್ನು ಹೇಳಿದ್ದೆ. ಸೋಮಾರಿಯ ಮಗನ ಮಾಂಸವೂ ಗಟ್ಟಿಯಾಗಿಬಿಟ್ಟರೆ ನನ್ನ ಕೈಯೇ ತಪ್ಪು ಎಂದು ನಾನೂ ಒಪ್ಪಬೇಕಾಗುತ್ತಿತ್ತು.

ಅತ್ತೆ ನಾರು ಕಟ್ಟಿದ್ದನ್ನು ಮೊದಲು ಬಾಯಿಗೆ ಹಾಕಿದರು. ಅಗಿದರು, ಇನ್ನೂ ಅಗಿದರು. ನಾರಿಲ್ಲದ್ದೊಂದನ್ನು ತೆಗೆದುಕೊಂಡಾಗ ಮಾಂಸ ಎಲುಬಿನಿಂದ ತಾನಾಗಿಯೇ ಜಾರಿತು, ಚರ್ಮದಡಿಯ ಹಳದಿ ಕೊಬ್ಬು ಬೆರಳಿಗೆ ಅಂಟಿತು. ಅವರು ಬೆರಳು ನೆಕ್ಕಿ, ಮೂರನೆಯ ತುಂಡಿಗೆ ಕೈ ಹಾಕಿದರು. ಕೊನೆಗೆ ಮಾವನ ಕಡೆ ತಿರುಗಿ ಗುಡುಗಿದರು: "ನಿಮ್ಮ ಆ ಓಡುವ ಹುಂಜ! ಅದರಿಂದ ಇಷ್ಟು ವರ್ಷ ಈ ಹುಡುಗಿಗೆ ಬೈದೆನಲ್ಲ ನಾನು!" ಮಾವ ತಲೆ ತಗ್ಗಿಸಿ ಸಾರು ಸುರ್ರೆಂದು ಹೀರತೊಡಗಿದರು. ನಾನು ನಕ್ಕು ನಕ್ಕು ಅಡುಗೆಮನೆಯ ಗೋಡೆಗೆ ಒರಗಿದೆ.

ಮೆಲ್ಕಾರಿನ ಅಡುಗೆಯವನಿಗೆ ಯಾರೂ ಫೋನು ಮಾಡಲಿಲ್ಲ. ಹೊಸ ಅಳಿಯ ಬಂದ ದಿನ ಸೋಮಾರಿಯ ಮಕ್ಕಳೆಲ್ಲ ನನ್ನ ಪಾತ್ರೆಯಲ್ಲಿದ್ದವು. ಎರಡು ಸಲ ಬಡಿಸಿಕೊಂಡ ಮೇಲೆ ಅವರು ಕೇಳಿದರು: "ಯಾರು ಮಾಡಿದ್ದು ಇದು?"

"ನಮ್ಮ ಸೊಸೆ," ಎಂದರು ಅತ್ತೆ. "ಅವಳ ಕೈ ಮೊದಲಿನಿಂದಲೂ ಹೀಗೇ."

ಆ "ಮೊದಲಿನಿಂದಲೂ" ಕೇಳಿ ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕೈಯಿಂದ ಸೌಟು ಕಿತ್ತುಕೊಂಡು ನನ್ನನ್ನು ಅಳಿಯನ ಪಂಕ್ತಿಯಲ್ಲೇ ಕೂರಿಸಿದರು. ನಮ್ಮ ಮನೆಯಲ್ಲಿ ಕಾಲಿನ ತುಂಡು ಅಳಿಯಂದಿರಿಗೇ ಮೀಸಲು. ಉಳಿದಿದ್ದ ಒಂದೇ ಒಂದನ್ನು ಅವರು ಹುಡುಕಿ ತೆಗೆದು ನನ್ನ ಎಲೆಗೆ ಹಾಕಿದರು. ನಾನು ನಾಚಿಕೆ ಬಿಟ್ಟು ಎಲುಬಿನ ತುದಿಯನ್ನೂ ಉಳಿಸದೆ ತಿಂದೆ.